ಬೀಜ ಬ್ಯಾಂಕ್ ಇರುವಾಗ ಹಿತ್ತಿಲು ಏಕೆ ಬೇಕು?

ಪ್ರಶ್ನೆ: ನಮ್ಮ ಅಜ್ಜಿ ಹಿತ್ತಿಲಿನಲ್ಲಿ ಹಲವು ಬಗೆಯ ಕೆಸು, ಅವರೆ, ಸಿಹಿಗುಂಬಳ, ಮಾವು, ಹಲಸುಗಳನ್ನು ದಶಕಗಳಿಂದ ಕಾಪಾಡಿಕೊಂಡು ಬಂದಿದ್ದಾರೆ. ಈಗ ಅವರಿಗೆ ಕೈಲಾಗುತ್ತಿಲ್ಲ. ಇವುಗಳ ಬೀಜವನ್ನು ಬೀಜ ಬ್ಯಾಂಕಿಗೆ ಒಪ್ಪಿಸಿ, ಆ ಜಾಗದಲ್ಲಿ ಒಂದೇ ಬೆಳೆ ಬೆಳೆಯಬಹುದೇ?

ಉತ್ತರ: ಬೀಜ ಬ್ಯಾಂಕಿಗೆ ಖಂಡಿತ ಕೊಡಿ, ಆದರೆ ಅದನ್ನೇ ನಂಬಿ ಹಿತ್ತಿಲನ್ನು ಅಗೆಸಬೇಡಿ. ನೀವು ಹೆಸರಿಸಿದ ಐದರಲ್ಲಿ ಮೂರು ಅಲ್ಲಿ ಉಳಿಯುವಂಥವಲ್ಲ. ನಾರ್ವೆಯ ಸ್ವಾಲ್ಬಾರ್ಡ್‌ನಲ್ಲಿ 2008ರಲ್ಲಿ ಆರಂಭವಾದ ಜಾಗತಿಕ ಬೀಜ ಭಂಡಾರದಲ್ಲಿ ಬೀಜಗಳನ್ನು ಮೈನಸ್ 18 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡುತ್ತಾರೆ. ಹಾಗೆ ಇಡಬೇಕಾದರೆ ಬೀಜ ಮೊದಲು ಚೆನ್ನಾಗಿ ಒಣಗಬೇಕು. ಮಾವು, ಹಲಸಿನ ಬೀಜಗಳು ಒಣಗಿದರೆ ಸಾಯುತ್ತವೆ. ಕೆಸುವಂತೂ ಗೆಡ್ಡೆಯಿಂದ ಗೆಡ್ಡೆಗೆ ಮುಂದುವರಿಯುವ ಬೆಳೆಯಾದ್ದರಿಂದ, ಯಾರಾದರೂ ಅದನ್ನು ಮತ್ತೆ ಮತ್ತೆ ಮಣ್ಣಿಗೆ ಮರಳಿಸದಿದ್ದರೆ ಆ ತಳಿ ಅಲ್ಲಿಗೆ ಮುಗಿಯಿತು. ಇಂಥವುಗಳಿಗೆ ಹಿತ್ತಿಲೇ ಬ್ಯಾಂಕು.

ಅವರೆ, ಸಿಹಿಗುಂಬಳಗಳ ಬೀಜ ಶೀತಾಗಾರದಲ್ಲಿ ಉಳಿಯುತ್ತದೆ, ನಿಜ. ಆದರೆ ಬದಲಾಗುವ ಮಳೆಯನ್ನೂ ಹೊಸ ಕೀಟಗಳನ್ನೂ ತಾಳಿ ಬದುಕಿದ ಗಿಡದಿಂದಲೇ ಮುಂದಿನ ಬೀಜವನ್ನು ಆರಿಸುವ ಕೆಲಸ ಬೆಳೆಯುವ ನೆಲದಲ್ಲಿ ಮಾತ್ರ ನಡೆಯುತ್ತದೆ. ಅವರೆ ಬಹುಮಟ್ಟಿಗೆ ತನ್ನ ಹೂವಿನೊಳಗೇ ಪರಾಗಸ್ಪರ್ಶ ಮಾಡಿಕೊಳ್ಳುವುದರಿಂದ ತಳಿ ಬೆರೆಯುವ ಭಯ ಕಡಿಮೆ. ಸಿಹಿಗುಂಬಳವನ್ನು ಜೇನು ಬೆರೆಸಿಬಿಡುತ್ತದೆ. ಅದಕ್ಕಾಗಿ, ಮರುದಿನ ಅರಳಲಿರುವ ಹೆಣ್ಣು ಮೊಗ್ಗನ್ನೂ (ಅದರ ಬುಡದಲ್ಲಿ ಪುಟ್ಟ ಕಾಯಿ ಇರುತ್ತದೆ) ಒಂದು ಗಂಡು ಮೊಗ್ಗನ್ನೂ ಸಂಜೆಯೇ ದಾರದಿಂದ ಕಟ್ಟಿಡಿ. ಬೆಳಗಾದೊಡನೆ ಬಿಚ್ಚಿ, ಗಂಡು ಹೂವಿನ ಎಸಳು ಕಿತ್ತು ಪರಾಗವನ್ನು ಹೆಣ್ಣು ಹೂವಿಗೆ ಸವರಿ, ಅದನ್ನು ಮತ್ತೆ ಕಟ್ಟಿಬಿಡಿ. ಆ ಕಾಯಿಯ ಬೀಜವನ್ನೇ ಎತ್ತಿಡಿ.

ನನ್ನ ದೊಡ್ಡ ಆತಂಕ ಗಿಡಗಳ ಬಗ್ಗೆಯಲ್ಲ, ಅಜ್ಜಿಯ ತಿಳಿವಳಿಕೆಯ ಬಗ್ಗೆ. ಯಾವ ಕೆಸು ಬಾಯಿ ತುರಿಸುತ್ತದೆ, ಅದನ್ನು ಎಷ್ಟು ಹೊತ್ತು ಬೇಯಿಸಬೇಕು, ಯಾವುದು ಮರದ ನೆರಳಿನಲ್ಲೂ ಬರುತ್ತದೆ ಎಂಬುದು ಗೊತ್ತಿಲ್ಲದ ಮನೆಯಲ್ಲಿ ಆ ಗೆಡ್ಡೆ ಬರಿಯ ಕಳೆಯಾಗುತ್ತದೆ. 1992ರ ಜೀವವೈವಿಧ್ಯ ಒಪ್ಪಂದದ 8(ಜೆ) ವಿಧಿ ಸ್ಥಳೀಯ ಸಮುದಾಯಗಳ ಇಂಥ ಜ್ಞಾನವನ್ನು ಗೌರವಿಸಿ ಉಳಿಸಬೇಕೆಂದು ಹೇಳುವುದು ಇದಕ್ಕಾಗಿಯೇ. ಮನೆಯೊಳಗೆ ಕೂರಿಸಿ ಕೇಳುವ ಬದಲು ಅಜ್ಜಿಯನ್ನು ಗಿಡದ ಬಳಿಗೇ ಕರೆದೊಯ್ಯಿರಿ, ಎಲೆ ಮುಟ್ಟಿದಾಗ ನೆನಪು ತಾನಾಗಿ ಬರುತ್ತದೆ. ಅವರು ಬಳಸುವ ಹೆಸರನ್ನೇ, ಅವರ ಮಾತಿನಲ್ಲೇ ಬರೆದುಕೊಳ್ಳಿ. ಪ್ರತಿ ಕೆಸುವಿನ ಒಂದೆರಡು ಗೆಡ್ಡೆಯನ್ನು ನೆರೆಯ ಎರಡು ಮೂರು ಮನೆಗಳಿಗೂ ಕೊಡಿ. ನಿಮ್ಮಲ್ಲಿ ಕೊಳೆತುಹೋದ ವರ್ಷ ಅವರಿಂದ ಕೇಳಿ ತರಬಹುದು.