ಏಳು ವರ್ಷದ ಮಗನನ್ನು ಅಕ್ಟೋಬರಿನಲ್ಲೇ ಸ್ಕೀಗೆ ಕರೆದುಕೊಂಡು ಹೋಗಬಹುದಾ?

ಆಗಸ್ಟಿನಲ್ಲಿ ಅಮೆರಿಕದ ಕೊಲೊರಾಡೋ ರಾಜ್ಯದ ಡೆನ್ವರ್‌ಗೆ ಬಂದಿದ್ದೀರಿ. ಮಗನ ಕ್ಲಾಸಿನಲ್ಲಿ ಎಲ್ಲರ ಬಾಯಲ್ಲೂ ಸ್ಕೀ ಮಾತೇ, ಅಂದರೆ ಕಾಲಿಗೆ ಉದ್ದನೆ ಹಲಗೆ ಕಟ್ಟಿಕೊಂಡು ಹಿಮದ ಮೇಲೆ ಜಾರುವ ಆಟದ ಮಾತು. ಬೆಟ್ಟದ ರೆಸಾರ್ಟ್‌ಗಳು ತೆರೆದ ವಾರವೇ ಅವನನ್ನು ಕರೆದುಕೊಂಡು ಹೋಗಬೇಕು ಅಂತ ನಿಮಗಾಸೆ, ಆದರೆ ನಿಮಗೂ ಸ್ಕೀ ಬರುವುದಿಲ್ಲ. ಇಲ್ಲಿನ ಚಳಿಗಾಲವನ್ನು ಹೇಗೆ ಕಳೆಯೋದು ಅಂತಲೂ ಕೇಳಿದ್ದೀರಿ. ನಾನು ಬಂದು ಹದಿನಾಲ್ಕು ವರ್ಷ ಆಯಿತು. ಇದೇ ಪ್ರಶ್ನೆ ನನಗೂ ಇತ್ತು, ಕೇಳಲು ಯಾರೂ ಸಿಗಲಿಲ್ಲ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಖಂಡಿತ ಕರೆದುಕೊಂಡು ಹೋಗಿ. ಆದರೆ ಅಕ್ಟೋಬರಿನಲ್ಲಿ ಬೇಡ.

ಅರಾಪಾಹೋ ಬೇಸಿನ್, ಲವ್‌ಲ್ಯಾಂಡ್, ಕೀಸ್ಟೋನ್ ಈ ಮೂರು ಸ್ಕೀ ರೆಸಾರ್ಟ್‌ಗಳಿಗೂ ಪ್ರತಿ ವರ್ಷ ಯಾರು ಮೊದಲು ತೆರೆಯುವುದು ಅಂತ ಪೈಪೋಟಿ. ಎಷ್ಟೋ ವರ್ಷ ಅಕ್ಟೋಬರಿನಲ್ಲೇ ಲಿಫ್ಟ್ (ತಂತಿಯಲ್ಲಿ ತೂಗುವ ಬೆಂಚಿನಲ್ಲಿ ಕೂರಿಸಿ ಬೆಟ್ಟದ ಮೇಲಕ್ಕೆ ಒಯ್ಯುವಂಥದ್ದು) ಓಡಲು ಶುರುವಾಗುತ್ತದೆ. ಸುದ್ದಿ ಕೇಳಿದರೆ ಇಡೀ ಬೆಟ್ಟ ತೆರೆದಿದೆ ಅನ್ನಿಸುತ್ತದೆ. ಹೋಗಿ ನೋಡಿದರೆ ಕಂದು ಬೆಟ್ಟದ ಮೈಮೇಲೆ ಬಿಳಿ ಪಟ್ಟಿಯ ಹಾಗೆ ಒಂದೇ ಒಂದು ರನ್, ಅಂದರೆ ಸ್ಕೀಯಲ್ಲಿ ಇಳಿಯುವ ದಾರಿ. ಅದೂ ಹೆಚ್ಚಿನ ಪಾಲು ಆಕಾಶದಿಂದ ಬಿದ್ದ ಹಿಮವಲ್ಲ. ರಾತ್ರಿ ಚಳಿ ಹಿಡಿದ ಮೇಲೆ ದೊಡ್ಡ ಗನ್‌ಗಳಿಂದ ನೀರನ್ನೂ ಗಾಳಿಯನ್ನೂ ಒತ್ತಿ ಚಿಮ್ಮಿಸುತ್ತಾರೆ. ಹನಿ ನೆಲ ಮುಟ್ಟುವಷ್ಟರಲ್ಲಿ ಹೆಪ್ಪುಗಟ್ಟಿರುತ್ತದೆ. ಕೊಲೊರಾಡೋದ ಗಾಳಿ ಒಣ ಗಾಳಿ ಆದ್ದರಿಂದ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲೂ ಇದು ಸಾಧ್ಯವಾಗುತ್ತದೆ. ಆದರೆ ಈ ಹಿಮ ಗಟ್ಟಿ. ಬೆಳಿಗ್ಗೆಯಂತೂ ಅದರ ಮೇಲೆ ಬಿದ್ದರೆ ಮೂಳೆಗೇ ತಾಗುತ್ತದೆ.

ಇನ್ನೊಂದು ವಿಷಯ. ಇಲ್ಲಿ ರನ್‌ಗಳಿಗೆ ಗುರುತು ಇದೆ: ಹಸಿರು ವೃತ್ತ ಸುಲಭ, ನೀಲಿ ಚೌಕ ನಡುಮಟ್ಟ, ಕಪ್ಪು ವಜ್ರ ಕಷ್ಟ. ಮೊದಲು ತೆರೆಯುವ ರನ್ ಸಾಮಾನ್ಯವಾಗಿ ನೀಲಿ. ಅರಾಪಾಹೋ ಬೇಸಿನ್‌ನಲ್ಲಿ ಮೊದಲು ತೆರೆಯುವ ಹೈ ನೂನ್ ಕೂಡ ನೀಲಿಯೇ. ಬೇಸಿಗೆಯಿಡೀ ಕಾದಿದ್ದವರೆಲ್ಲ ಆ ಒಂದೇ ಪಟ್ಟಿಗೆ ಬಂದು ಸೇರುತ್ತಾರೆ. ಅವರಲ್ಲಿ ಜಾಸ್ತಿ ಜನ ನುರಿತವರು, ವೇಗವಾಗಿ ಇಳಿಯುವವರು.

ಇದು ನನಗೆ ಗೊತ್ತಿರಲಿಲ್ಲ. ಮಗಳಿಗೆ ಆಗ ಆರು ವರ್ಷ. ಹಿಂದಿನ ಮಾರ್ಚಿನಲ್ಲಿ ಇಬ್ಬರೂ ಒಂದೇ ಒಂದು ದಿನ ಕಲಿತಿದ್ದೆವು. ರೆಸಾರ್ಟ್ ತೆರೆದ ಮೊದಲ ಭಾನುವಾರವೇ ಅವಳನ್ನು ಕರೆದುಕೊಂಡು ಹೋದೆ. ಲಿಫ್ಟ್‌ನಿಂದ ಇಳಿದಳು, ಕೆಳಗೆ ನೋಡಿದಳು, ಹಿಮದ ಮೇಲೆ ಕೂತುಬಿಟ್ಟಳು. ಎರಡೂ ಪಕ್ಕದಲ್ಲಿ ಜನ ಸರ್ರನೆ ಹಾದುಹೋಗುತ್ತಿದ್ದರು. ಅವಳು ಅಳಲೂ ಇಲ್ಲ. ನನ್ನ ಜಾಕೆಟ್ಟಿನ ತುದಿ ಹಿಡಿದು ಸುಮ್ನೆ ಕೂತಿದ್ದಳು, ಅಷ್ಟೆ. ಕೊನೆಗೆ ಸ್ಕೀ ಪ್ಯಾಟ್ರೋಲ್‌ನ, ಅಂದರೆ ಬೆಟ್ಟದ ರಕ್ಷಣಾ ತಂಡದ, ಒಬ್ಬಾಕೆ ಬಂದು, ಅವಳ ಮುಂದೆ ಮಂಡಿಯೂರಿ ಕೂತು, ಹೆಸರು ಕೇಳಿ, ನಿಧಾನವಾಗಿ ಮಾತಾಡಿಸಿ, ತಳ್ಳುಬಂಡಿಯಂಥ ಸ್ಲೆಡ್‌ನಲ್ಲಿ ಕೂರಿಸಿಕೊಂಡು ಕೆಳಗಿಳಿಸಿದರು. ಆಮೇಲೆ ಜನವರಿವರೆಗೆ ಮಗಳು ಸ್ಕೀ ಮುಟ್ಟಲಿಲ್ಲ. ಅವಳ ಭಯಕ್ಕೆ ನನ್ನ ಅವಸರವೇ ಕಾರಣ. ಅದನ್ನು ಈಗಲೂ ನೆನೆಸಿಕೊಂಡರೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ನಿಮ್ಮ ಮಗನಿಗೆ ಅದು ಆಗಬಾರದು.

ಕಲಿಯುವವರ ಜಾಗ ತೆರೆಯುವವರೆಗೆ ಕಾಯಿರಿ. ಲವ್‌ಲ್ಯಾಂಡ್‌ನಲ್ಲಿ ಹೊಸಬರಿಗೇ ಅಂತ ಬೆಟ್ಟದ ಬೇರೆಯದೇ ಮಗ್ಗುಲಿದೆ, ಲವ್‌ಲ್ಯಾಂಡ್ ವ್ಯಾಲಿ ಅಂತ. ಅಲ್ಲಿ ವೇಗದವರ ಕಾಟ ಇಲ್ಲ. (ಕಾರಿನ ಮ್ಯಾಪಿನಲ್ಲಿ ಸುಮ್ನೆ ಲವ್‌ಲ್ಯಾಂಡ್ ಅಂತ ಹಾಕಬೇಡಿ. ಅದೇ ಹೆಸರಿನ ಊರು ಡೆನ್ವರ್‌ನ ಉತ್ತರಕ್ಕಿದೆ. ಸ್ಕೀ ಬೆಟ್ಟ ಇರುವುದು ಪಶ್ಚಿಮಕ್ಕೆ, ಐ-70 ಹೆದ್ದಾರಿಯ ಐಸೆನ್‌ಹೋವರ್ ಸುರಂಗದ ಬಾಯಲ್ಲಿ.) ಅವನನ್ನು ಮಕ್ಕಳ ಕ್ಲಾಸಿಗೆ ಸೇರಿಸಿ, ನೀವು ದೊಡ್ಡವರ ಕ್ಲಾಸಿಗೆ ಸೇರಿ. ನೀವೇ ಕಲಿಸಲು ಹೋಗಬೇಡಿ. ಸ್ಕೀಯ ಮುಂದಿನ ತುದಿಗಳನ್ನು ಹತ್ತಿರ ತಂದು ಹಿಂಭಾಗ ಅಗಲಿಸಿದರೆ ವೇಗ ತಗ್ಗುತ್ತದೆ. ಆ ಆಕಾರಕ್ಕೆ ಇಲ್ಲಿ ಮಕ್ಕಳಿಗೆ ಪಿಜ್ಜಾ ಅಂತ ಹೇಳಿಕೊಡುತ್ತಾರೆ. ನಿಮ್ಮ ಮಗ ಅದನ್ನು ಒಂದು ಬೆಳಿಗ್ಗೆಯಲ್ಲಿ ಕಲಿಯುತ್ತಾನೆ, ನಿಮಗೆ ಮೂರು ದಿನ ಬೇಕಾದೀತು. ಪರವಾಗಿಲ್ಲ. ಹೊಸ ದೇಶದಲ್ಲಿ ಮಗು ತಾನೇ ನಿಮಗಿಂತ ಮುಂದೆ ಇರುವ ಒಂದು ಜಾಗ ಸಿಕ್ಕರೆ ಅದಕ್ಕೆ ಎಷ್ಟು ಧೈರ್ಯ ಬರುತ್ತದೆ ಅಂತ ನೀವೇ ನೋಡುತ್ತೀರಿ.

ಅಷ್ಟರೊಳಗೆ ಮಾಡುವ ಕೆಲಸ ಇದೆ. ಮಕ್ಕಳಿಗೆ ಸೀಸನ್ ಪೂರ್ತಿ ಸ್ಕೀ, ಬೂಟು ಬಾಡಿಗೆಗೆ ಸಿಗುತ್ತದೆ. ಅಳತೆ ಸಿಗಬೇಕಾದರೆ ಈಗಲೇ ಹೋಗಿ. ಬೂಟಿನ ವಿಷಯದಲ್ಲಿ ಮಾತ್ರ ಹಟ ಮಾಡಿ. ಬೆಳೆಯುವ ಮಗು ಅಂತ ದೊಡ್ಡ ಅಳತೆ ತಗೊಂಡರೆ ಕಾಲು ಒಳಗೇ ಅಲ್ಲಾಡುತ್ತದೆ, ಸ್ಕೀ ತಿರುಗುವುದಿಲ್ಲ. ಒಂದೇ ಜೊತೆ ತೆಳು ಉಣ್ಣೆ ಸಾಕ್ಸ್ ಸಾಕು. ಎರಡು ಹಾಕಿದರೆ ಬೂಟು ಬಿಗಿದು ರಕ್ತ ಓಡದೆ ಕಾಲು ಇನ್ನೂ ತಣ್ಣಗಾಗುತ್ತದೆ. ಹತ್ತಿ ಬಟ್ಟೆ ಬೇಡವೇ ಬೇಡ, ಬೆವರು ಹೀರಿ ಒದ್ದೆಯಾಗಿಯೇ ಇರುತ್ತದೆ. ಕೈಗೆ ಬೆರಳು ಬೇರೆ ಬೇರೆ ಇರುವ ಗ್ಲೌಸ್‌ಗಿಂತ ನಾಲ್ಕೂ ಬೆರಳು ಒಟ್ಟಿಗೆ ಇರುವ ಮಿಟನ್ ಬೆಚ್ಚಗೆ.

ಡೆನ್ವರ್ 5,280 ಅಡಿ ಎತ್ತರದಲ್ಲಿದೆ. ಅರಾಪಾಹೋ ಬೇಸಿನ್‌ನ ಬುಡವೇ 10,780 ಅಡಿ. ನೀವು ಬಂದು ಕೆಲವೇ ತಿಂಗಳಾಗಿದೆ, ತಲೆನೋವು ಬರಬಹುದು. ಹಿಂದಿನ ದಿನದಿಂದಲೇ ನೀರು ಚೆನ್ನಾಗಿ ಕುಡಿಸಿ. ತಲೆನೋವಿನ ಜೊತೆ ವಾಂತಿಯೂ ಬಂದರೆ ಆ ದಿನ ಅಲ್ಲಿಗೇ ಸಾಕು, ಕೆಳಗಿಳಿದುಬಿಡಿ. ಹಿಮದಿಂದ ಬಿಸಿಲು ತಿರುಗಿ ಮುಖಕ್ಕೇ ಬಡಿಯುತ್ತದೆ, ಸನ್‌ಸ್ಕ್ರೀನ್, ಗಾಗಲ್ಸ್ ಮರೆಯಬೇಡಿ. ಕಾರಿನ ಟೈರೂ ನೋಡಿಸಿ. ಸೆಪ್ಟೆಂಬರ್ 1ರಿಂದ ಮೇ 31ರವರೆಗೆ ಐ-70ರಲ್ಲಿ ಮಾರಿಸನ್‌ನಿಂದ ಡಾಟ್ಸೆರೋವರೆಗೆ ಟೈರಿನ ಗೆರೆ ಕನಿಷ್ಠ 3/16 ಇಂಚು ಆಳ ಇರಲೇಬೇಕು ಅಂತ ಕಾನೂನಿದೆ.

ಇಷ್ಟೆಲ್ಲ ಕಷ್ಟಪಟ್ಟು ಯಾಕೆ ಹೋಗಬೇಕು ಅಂತ ಅನ್ನಿಸಿರಬಹುದು. ನನ್ನ ಉತ್ತರ ಲಿಫ್ಟ್. ಇಳಿಯುವುದಕ್ಕೆ ಕೆಲವೇ ನಿಮಿಷ. ಮೇಲೆ ಹೋಗುವಾಗ ಮಾತ್ರ ತಂದೆ ಮಗು ಇಬ್ಬರೇ ಒಂದು ಬೆಂಚಿನ ಮೇಲೆ, ಕಾಲು ಗಾಳಿಯಲ್ಲಿ, ಸದ್ದಿಲ್ಲ, ಫೋನಿಲ್ಲ. ಮುಖ ನೋಡಿಕೊಂಡು ಕೂತಿಲ್ಲವಲ್ಲ, ಅದಕ್ಕೋ ಏನೋ ಮಕ್ಕಳಿಗೆ ಮಾತು ಹೊರಡುತ್ತದೆ. ಮನೆಯಲ್ಲಿ ಶಾಲೆ ಹೇಗಿತ್ತು ಅಂದರೆ 'ಚೆನ್ನಾಗಿತ್ತು' ಅನ್ನುವ ನನ್ನ ಮಗಳು, ಊಟದ ಹೊತ್ತಿನಲ್ಲಿ ತನ್ನ ಪಕ್ಕ ಯಾರೂ ಕೂರುವುದಿಲ್ಲ ಅಂತ ಮೊದಲು ಹೇಳಿದ್ದು ಎಂಟನೇ ವರ್ಷದಲ್ಲಿ, ಲಿಫ್ಟ್ ಮೇಲೆ. ಆಗ ನಮಗೆ ಗೊತ್ತಾಯಿತು. ಹೋಗಿ ಟೀಚರ್ ಹತ್ತಿರ ಮಾತಾಡಿದೆವು.

ಅವಳಿಗೆ ಈಗ ಹದಿಮೂರು. ಹೋದ ವರ್ಷ ತೆರೆದ ವಾರವೇ ಮತ್ತೆ ಹೋದೆವು, ಈ ಸಲ ಅವಳೇ ಕರೆದಳು. ಅದೇ ಬಿಳಿ ಪಟ್ಟಿ, ಅದೇ ಜನಜಂಗುಳಿ. ನಾಲ್ಕು ಸಲ ಇಳಿದೆವು. ಪ್ರತಿ ಸಲವೂ ಅವಳು ಅರ್ಧದಲ್ಲಿ ಅಂಚಿಗೆ ಸರಿದು ನಿಂತು, ನಾನು ಬರುವವರೆಗೆ ಕಾದಳು.

ಅವಳ ಏಳನೇ ವರ್ಷದ ಜಾಕೆಟ್, ಪ್ಯಾಂಟು, ಮಿಟನ್ ಇನ್ನೂ ನಮ್ಮ ಗರಾಜಿನಲ್ಲಿವೆ, ಚೆನ್ನಾಗಿವೆ. ಮಗನ ಎತ್ತರ ತಿಳಿಸಿ. ಸರಿಹೊಂದಿದರೆ ಕೊಡುತ್ತೇನೆ, ಹೊಸದು ಕೊಳ್ಳಬೇಡಿ.