1981ರಲ್ಲಿ ಅಮೆರಿಕದ ಮನೆಸಾಲದ ಬಡ್ಡಿ ಶೇ. 18 ದಾಟಿದ್ದೇಕೆ?

ಬೆಲೆಯೇರಿಕೆಯನ್ನು ತಡೆಯುವುದಕ್ಕಾಗಿ ಅಲ್ಲಿನ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್ ಬೇಕೆಂದೇ ಸಾಲವನ್ನು ದುಬಾರಿಯಾಗಿಸಿತ್ತು. 1980ರಲ್ಲಿ ಬೆಲೆಗಳು ಸರಾಸರಿ ಶೇ. 13.5ರಷ್ಟು ಏರಿದ್ದವು. ನಾಳೆ ಬೆಲೆ ಇನ್ನೂ ಹೆಚ್ಚುತ್ತದೆಂದು ನಂಬಿದ ಜನರು ಸಾಲ ಮಾಡಿಯಾದರೂ ಇಂದೇ ಕೊಳ್ಳುತ್ತಾರೆ, ನೌಕರರು ಹೆಚ್ಚಿನ ಸಂಬಳ ಕೇಳುತ್ತಾರೆ; ಹೀಗೆ ಆ ನಂಬಿಕೆಯೇ ಬೆಲೆಯನ್ನು ಮತ್ತಷ್ಟು ಮೇಲಕ್ಕೆ ತಳ್ಳುತ್ತದೆ. ಈ ಸುಳಿಯನ್ನು ಮುರಿಯಲೆಂದು, 1979ರ ಆಗಸ್ಟ್‌ನಲ್ಲಿ ಬ್ಯಾಂಕಿನ ಅಧ್ಯಕ್ಷರಾದ ಪಾಲ್ ವೋಲ್ಕರ್ ಹಣದ ಪೂರೈಕೆಯನ್ನೇ ಬಿಗಿಹಿಡಿದರು. ಪರಿಣಾಮವಾಗಿ, 1981ರ ಅಕ್ಟೋಬರ್‌ನಲ್ಲಿ 30 ವರ್ಷಗಳ ಮನೆಸಾಲದ ಬಡ್ಡಿ ಶೇ. 18.6ನ್ನು ಮುಟ್ಟಿತು.

ಲೆಕ್ಕ ಹಾಕಿದರೆ ಇದರ ಬಿಸಿ ತಿಳಿಯುತ್ತದೆ. ಶೇ. 18ರ ದರದಲ್ಲಿ 50,000 ಡಾಲರ್ ಸಾಲ ಪಡೆದವರ ತಿಂಗಳ ಕಂತು ಸುಮಾರು 754 ಡಾಲರ್; ಮೊದಲ ಕಂತಿನಲ್ಲಿ 750 ಡಾಲರ್ ಬಡ್ಡಿಗೇ ಹೋಗಿ, ಅಸಲಿಗೆ ಜಮೆಯಾಗುತ್ತಿದ್ದುದು ನಾಲ್ಕು ಡಾಲರಿಗೂ ಕಡಿಮೆ. ಹೊಸ ಮನೆಗಳಿಗೆ ಗಿರಾಕಿಗಳಿಲ್ಲದೆ ಕಂಗೆಟ್ಟ ಕಟ್ಟಡ ನಿರ್ಮಾಪಕರು, ಕಟ್ಟಡಕ್ಕೆ ಬಳಸುವ ಮರದ ತುಂಡುಗಳನ್ನೇ ಅಂಚೆಯ ಮೂಲಕ ಫೆಡರಲ್ ರಿಸರ್ವ್‌ಗೆ ಕಳುಹಿಸಿ ಪ್ರತಿಭಟಿಸಿದರು (ಮನವಿಪತ್ರಕ್ಕಿಂತ ಇದೇ ಹೆಚ್ಚು ಮನಮುಟ್ಟುವಂತಿತ್ತೆಂದು ನನಗನ್ನಿಸುತ್ತದೆ). 1983ರಲ್ಲಿ ಬೆಲೆಯೇರಿಕೆ ಶೇ. 3ರ ಆಸುಪಾಸಿಗೆ ಇಳಿದದ್ದು ನಿಜ, ಆದರೆ ಅದಕ್ಕೂ ಮೊದಲು, 1982ರ ಕೊನೆಯಲ್ಲಿ, ನಿರುದ್ಯೋಗ ಶೇ. 10.8ಕ್ಕೆ ಏರಿತ್ತು.