ಮೂರನೇ ಸಲ ಸಿಕ್ಕಿಬಿದ್ದವನಿಗೆ ಜೀವನಪೂರ್ತಿ ಜೈಲು ಹಾಕಿದರೆ ಕಳ್ಳತನ ನಿಲ್ಲುತ್ತದಾ?

ನೀವು ಮೂರು ವಿಷಯ ಕೇಳಿದ್ದೀರಿ. ಅಮೆರಿಕದಲ್ಲಿ ಮೂರನೇ ಸಲ ತಪ್ಪು ಮಾಡಿದವನಿಗೆ ಜೀವನಪೂರ್ತಿ ಜೈಲಂತೆ, ನಿಜವಾ? ಅದರಿಂದ ಅಪರಾಧ ಕಡಿಮೆಯಾಯಿತಾ? ನಮ್ಮಲ್ಲೂ ಅಂಥದ್ದೊಂದು ಬೇಕಲ್ವಾ?

ನಾನಿರುವುದು ಕ್ಯಾಲಿಫೋರ್ನಿಯಾದಲ್ಲಿ. ಈ ಕಾನೂನು ಅತಿ ಕಠಿಣವಾಗಿ ಜಾರಿಯಾದ ರಾಜ್ಯ ಇದೇ. ಇಲ್ಲಿನ ಪ್ರಜೆಯಾದ ಮೇಲೆ ಇದನ್ನು ಬದಲಿಸುವ ಪ್ರಸ್ತಾಪಕ್ಕೆ ನಾನೂ ಓಟು ಹಾಕಿದ್ದೇನೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಈ ಕಾನೂನು ಹಿಡಿಯಬೇಕಾದವರ ಜೊತೆಗೆ ಹಿಡಿಯಬಾರದ ಎಷ್ಟೋ ಜನರನ್ನೂ ಹಿಡಿಯಿತು. ಅದಕ್ಕೆ ತೆತ್ತ ಬೆಲೆಗೆ ತಕ್ಕ ಭದ್ರತೆ ಸಿಗಲಿಲ್ಲ.

ಆದರೆ ಇದು ಹುಟ್ಟಿದ್ದು ಯಾಕೆ ಅಂತ ತಿಳಿಯದೆ ಬೈಯುವುದು ಸರಿಯಲ್ಲ. 1992ರಲ್ಲಿ ಫ್ರೆಸ್ನೋ ಊರಿನಲ್ಲಿ ಕಿಂಬರ್ ರೆನಾಲ್ಡ್ಸ್ ಎಂಬ 18 ವರ್ಷದ ಹುಡುಗಿಯ ಪರ್ಸ್ ಕಿತ್ತುಕೊಳ್ಳಲು ಬಂದವರು ಅವಳಿಗೆ ಗುಂಡು ಹೊಡೆದು ಕೊಂದರು. ಅವಳ ತಂದೆ ಮೈಕ್ ರೆನಾಲ್ಡ್ಸ್ ಮದುವೆ ಫೋಟೋ ತೆಗೆಯುತ್ತಿದ್ದ ಸಾಮಾನ್ಯ ಮನುಷ್ಯ. ಪದೇ ಪದೇ ಅಪರಾಧ ಮಾಡುವವರನ್ನು ಹೊರಗೆ ಬಿಡಬಾರದು ಎಂದು ಅವರೇ ಕಾನೂನಿನ ಕರಡು ಮಾಡಿಸಿಕೊಂಡು ಓಡಾಡಿದರು. ಮೊದಲು ಯಾರೂ ಕೇಳಲಿಲ್ಲ. 1993ರ ಅಕ್ಟೋಬರ್‌ನಲ್ಲಿ ಪೆಟಲೂಮಾ ಊರಿನ ಪಾಲಿ ಕ್ಲಾಸ್ ಎಂಬ 12 ವರ್ಷದ ಮಗುವನ್ನು ಒಬ್ಬ ಅವಳ ಮನೆಯಿಂದಲೇ ಹೊತ್ತೊಯ್ದು ಕೊಂದ. ಅವನು ಹಿಂದೆಯೂ ಅಪಹರಣ ಮಾಡಿ 16 ವರ್ಷದ ಶಿಕ್ಷೆ ಪಡೆದು, ಅದರ ಅರ್ಧದಷ್ಟು ಮುಗಿಸಿ ಪರೋಲ್ ಮೇಲೆ, ಅಂದರೆ ಷರತ್ತಿನ ಮೇಲೆ ಅವಧಿಗೆ ಮೊದಲೇ ಬಿಡುಗಡೆಯಾಗಿ, ಹೊರಗಿದ್ದವನು. ಇಡೀ ರಾಜ್ಯ ಸಿಟ್ಟಿನಿಂದ ಕುದಿಯಿತು. 1994ರ ಮಾರ್ಚ್‌ನಲ್ಲಿ ಗವರ್ನರ್ ಪೀಟ್ ವಿಲ್ಸನ್ ಕಾನೂನಿಗೆ ಸಹಿ ಹಾಕಿದರು. ನವೆಂಬರ್‌ನಲ್ಲಿ ಜನರೂ ಸುಮಾರು 72% ಓಟು ಹಾಕಿ ಒಪ್ಪಿಗೆ ಕೊಟ್ಟರು. ಆ ಹೊತ್ತಿನಲ್ಲಿ ಮಕ್ಕಳಿದ್ದ ಯಾರೇ ಆದರೂ ಅದಕ್ಕೇ ಓಟು ಹಾಕುತ್ತಿದ್ದರೇನೋ.

ಗಮನಿಸಬೇಕಾದ ಮಾತೊಂದಿದೆ. ಪಾಲಿಯ ತಂದೆ ಮತ್ತು ಅಜ್ಜ ಮೊದಲು ಇದನ್ನು ಬೆಂಬಲಿಸಿದ್ದರು. ಕರಡನ್ನು ಸರಿಯಾಗಿ ಓದಿದ ಮೇಲೆ, ಇದರ ಬಲೆ ಬಹಳ ಅಗಲವಾಯಿತು ಎಂದು ಇಬ್ಬರೂ ವಿರೋಧಿಸಿದರು. ಮಗಳನ್ನೇ ಕಳೆದುಕೊಂಡವರು ಹೇಳಿದರೂ ಜನರ ಸಿಟ್ಟಿನ ಮುಂದೆ ಆ ಮಾತು ನಿಲ್ಲಲಿಲ್ಲ.

ಅವರು ಕಂಡ ತೊಂದರೆ ಯಾವುದು? ಕಾನೂನು ಹೀಗಿತ್ತು: ಹಿಂಸೆಯ ಅಥವಾ ಗಂಭೀರವಾದ ಅಪರಾಧ ಒಂದು ‘ಸ್ಟ್ರೈಕ್’. ಯಾರೂ ಇಲ್ಲದ ಮನೆಗೆ ನುಗ್ಗಿ ಕದ್ದರೂ ಅದು ಸ್ಟ್ರೈಕೇ. ಒಂದು ಸ್ಟ್ರೈಕ್ ಇದ್ದವನು ಮತ್ತೆ ಸಿಕ್ಕಿಬಿದ್ದರೆ ಶಿಕ್ಷೆ ದುಪ್ಪಟ್ಟು. ಎರಡು ಇದ್ದರೆ ‘25 ವರ್ಷದಿಂದ ಜೀವಾವಧಿ’, ಅಂದರೆ ಕನಿಷ್ಠ 25 ವರ್ಷ ಒಳಗಿದ್ದ ಮೇಲಷ್ಟೇ ಪರೋಲ್ ಕೇಳಬಹುದು, ಸಿಗದಿದ್ದರೆ ಜೀವನಪೂರ್ತಿ ಜೈಲು. ಆದರೆ ಆ ಮೂರನೆಯದು ಗಂಭೀರವಾದದ್ದೇ ಆಗಬೇಕು ಅಂತ ಇರಲಿಲ್ಲ. ಇಲ್ಲಿ ಅಪರಾಧಗಳಲ್ಲಿ ಎರಡು ದರ್ಜೆ: ದೊಡ್ಡದು ಫೆಲನಿ, ಸಣ್ಣದು ಮಿಸ್‌ಡಿಮೀನರ್. ಮೂರನೆಯದು ಯಾವ ಫೆಲನಿಯಾದರೂ ಸಾಕಿತ್ತು. ಹಿಂದೆ ಕಳ್ಳತನದಲ್ಲಿ ಶಿಕ್ಷೆಯಾದವನು ಅಂಗಡಿಯಲ್ಲಿ ಏನೋ ಚಿಕ್ಕದನ್ನು ಎತ್ತಿದರೂ ಅದನ್ನು ಫೆಲನಿ ಅಂತ ದಾಖಲಿಸಬಹುದಿತ್ತು.

ಹಾಗೆ ಆಗಿದ್ದೇ ಲಿಯಾಂಡ್ರೊ ಆಂಡ್ರೇಡ್ ಅನ್ನುವವನ ಕಥೆ. ಸೇನೆಯಲ್ಲಿದ್ದು ಬಂದವನು, ಹೆರಾಯಿನ್ ಚಟಕ್ಕೆ ಬಿದ್ದಿದ್ದ. ಹಿಂದೆ ಮನೆಗಳ್ಳತನದ ಕೇಸುಗಳಿದ್ದವು. 1995ರಲ್ಲಿ ಎರಡು ಕೆಮಾರ್ಟ್ ಅಂಗಡಿಗಳಲ್ಲಿ ಒಟ್ಟು 9 ವಿಡಿಯೋ ಟೇಪ್ ಕದ್ದ. ಬೆಲೆ ಎಲ್ಲ ಸೇರಿ ಸುಮಾರು 150 ಡಾಲರ್. ಎರಡು ಕಳ್ಳತನ, ಎರಡು 25 ವರ್ಷ, ಒಂದರ ಹಿಂದೆ ಒಂದು. 50 ವರ್ಷ ಮುಗಿಯುವವರೆಗೆ ಪರೋಲ್ ಕೇಳುವಂತೆಯೇ ಇಲ್ಲ. ಇನ್ನೊಬ್ಬ ಗ್ಯಾರಿ ಯೂಯಿಂಗ್. ಲಾಸ್ ಏಂಜಲೀಸ್ ಪಕ್ಕದ ಗಾಲ್ಫ್ ಅಂಗಡಿಯಿಂದ ಮೂರು ಗಾಲ್ಫ್ ಕ್ಲಬ್‌ಗಳನ್ನು ಪ್ಯಾಂಟಿನ ಒಳಗೆ ತೂರಿಸಿಕೊಂಡು ಕುಂಟುತ್ತಾ ಹೊರಟಾಗ ಸಿಕ್ಕಿಬಿದ್ದ. ಒಂದೊಂದರ ಬೆಲೆ 399 ಡಾಲರ್. ಅವನ ಹಿಂದಿನ ದಾಖಲೆ ಸಣ್ಣದೇನಲ್ಲ, ಚಾಕು ತೋರಿಸಿ ದರೋಡೆ ಮಾಡಿದ್ದೂ ಅದರಲ್ಲಿತ್ತು. ಅವನಿಗೆ 25 ವರ್ಷದಿಂದ ಜೀವಾವಧಿ. ಇಬ್ಬರ ಕೇಸೂ ಅಮೆರಿಕದ ಸುಪ್ರೀಂ ಕೋರ್ಟಿಗೆ ಹೋದವು. 2003ರಲ್ಲಿ ಎರಡರಲ್ಲೂ 5–4ರ ಬಹುಮತದಲ್ಲಿ ಶಿಕ್ಷೆ ಉಳಿಯಿತು. ಯೂಯಿಂಗ್ ಕೊನೆಗೆ ಜೈಲಿನಲ್ಲೇ ಸತ್ತ.

ಕಳ್ಳತನಕ್ಕೆ ಶಿಕ್ಷೆ ಬೇಡ ಅಂತ ನಾನು ಹೇಳುತ್ತಿಲ್ಲ. ನಾವಿರುವ ಕಡೆ ಭಾರತೀಯರ ಮನೆಗಳಲ್ಲಿ ಚಿನ್ನ ಇರುತ್ತದೆ ಎಂದು ಕಳ್ಳರಿಗೆ ಚೆನ್ನಾಗಿ ಗೊತ್ತು. ದೀಪಾವಳಿ, ಮದುವೆ ಸಮಯದಲ್ಲಿ ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಇದೇ ಮಾತು. ಅಮ್ಮ ಕೊಟ್ಟ ಸರ, ಅಜ್ಜಿಯ ಬಳೆ ಹೋದರೆ ಇನ್ಶೂರೆನ್ಸ್ ದುಡ್ಡು ಅದನ್ನು ತಂದುಕೊಡುವುದಿಲ್ಲ. ಆ ಸಂಕಟ ಚೆನ್ನಾಗಿ ಅರ್ಥವಾಗುತ್ತದೆ. ಆದರೆ ನೋಡಿ, ಅಮೆರಿಕದಲ್ಲಿ ಮನೆಗಳ್ಳತನದ ದೂರು ನೂರು ಬಂದರೆ ಪೊಲೀಸರು ಪತ್ತೆ ಹಚ್ಚುವುದು 15ಕ್ಕಿಂತ ಕಡಿಮೆ. ಕಿಟಕಿ ಒಡೆಯುವವನ ಲೆಕ್ಕಾಚಾರ ‘ಸಿಕ್ಕಿದರೆ ಎಷ್ಟು ವರ್ಷ’ ಎಂಬುದಲ್ಲ, ‘ನಾನು ಸಿಗುವುದೇ ಇಲ್ಲ’ ಎಂಬುದು. ಶಿಕ್ಷೆಯನ್ನು 5ರಿಂದ 25 ವರ್ಷಕ್ಕೆ ಏರಿಸಿದರೂ ಅವನ ಆ ಧೈರ್ಯ ಅಲುಗುವುದಿಲ್ಲ. ಪತ್ತೆಯಾಗುವ ಕೇಸುಗಳು 15ರಿಂದ 40ಕ್ಕೆ ಏರಿದರೆ ಖಂಡಿತ ಅಲುಗುತ್ತದೆ.

ಹಾಗಾದರೆ 1994ರ ನಂತರ ಕ್ಯಾಲಿಫೋರ್ನಿಯಾದಲ್ಲಿ ಅಪರಾಧ ಇಳಿಯಲಿಲ್ಲವಾ? ಇಳಿಯಿತು, ಚೆನ್ನಾಗಿಯೇ ಇಳಿಯಿತು. ಬೆಂಬಲಿಗರು ತೋರಿಸುವುದೂ ಅದನ್ನೇ. ಆದರೆ ಆಗ ಇಡೀ ದೇಶದಲ್ಲಿ ಅಪರಾಧ ಇಳಿಯಿತು. ಕ್ಯಾಲಿಫೋರ್ನಿಯಾದಂಥ ಕಾನೂನು ಇಲ್ಲದ ನ್ಯೂಯಾರ್ಕ್ ನಗರದಲ್ಲಿ 1990ರಲ್ಲಿ 2,245 ಕೊಲೆಗಳಾಗಿದ್ದವು, 1998ರ ಹೊತ್ತಿಗೆ ಅದು 633ಕ್ಕೆ ಬಂತು. ಕ್ಯಾಲಿಫೋರ್ನಿಯಾದ ಒಳಗೂ ಸ್ಯಾನ್ ಫ್ರಾನ್ಸಿಸ್ಕೋದ ಡಿಸ್ಟ್ರಿಕ್ಟ್ ಅಟಾರ್ನಿ ಇದನ್ನು ಬಹಳ ಕಡಿಮೆ ಬಳಸಿದರು, ಬೇರೆ ಕೆಲವು ಕೌಂಟಿಗಳಲ್ಲಿ (ನಮ್ಮ ಜಿಲ್ಲೆಗಳಿದ್ದಂತೆ) ಧಾರಾಳವಾಗಿ ಬಳಸಿದರು. ಕಡಿಮೆ ಬಳಸಿದ ಊರೇನೂ ಹಾಳಾಗಲಿಲ್ಲ. ಈ ಡಿಸ್ಟ್ರಿಕ್ಟ್ ಅಟಾರ್ನಿ ಎಂದರೆ ಸರ್ಕಾರದ ಪರ ಕೇಸು ನಡೆಸುವ ವಕೀಲರು, ಚುನಾವಣೆಯಲ್ಲಿ ಗೆದ್ದು ಬರುವವರು. ಒಂದೇ ಕಳ್ಳತನಕ್ಕೆ ಒಂದು ಊರಿನಲ್ಲಿ ಕೆಲವು ತಿಂಗಳು, ಪಕ್ಕದ ಊರಿನಲ್ಲಿ ಜೀವಾವಧಿ. ನನಗೆ ಅತಿ ಅನ್ಯಾಯ ಅನಿಸುವುದು ಇದೇ. ಇನ್ನೂ ಒಂದು ಸಂಗತಿ: ರಾಜ್ಯದ ಜನಸಂಖ್ಯೆಯಲ್ಲಿ ಕರಿಯ ಜನಾಂಗದವರು ಆಗ 7%ರ ಆಸುಪಾಸು, ಮೂರನೇ ಸ್ಟ್ರೈಕಿನಲ್ಲಿ ಒಳಗೆ ಹೋದವರಲ್ಲಿ ಮಾತ್ರ ಸುಮಾರು 45%.

ಜೈಲುಗಳು ತುಂಬಿ ಉಕ್ಕಿದವು. ಜಿಮ್ ಹಾಲ್‌ಗಳಲ್ಲಿ ಮೂರು ಅಂತಸ್ತಿನ ಮಂಚ ಹಾಕಿ ಕೈದಿಗಳನ್ನು ಮಲಗಿಸಿದರು. ಕೊನೆಗೆ 2011ರಲ್ಲಿ ಸುಪ್ರೀಂ ಕೋರ್ಟೇ, ಇಲ್ಲಿ ಆರೋಗ್ಯದ ಸ್ಥಿತಿ ಅಮಾನವೀಯ, ಕೈದಿಗಳ ಸಂಖ್ಯೆ ಇಳಿಸಿ ಎಂದಿತು. ವಯಸ್ಸಾದ ಕೈದಿಗಳ ಔಷಧಿ, ಆಸ್ಪತ್ರೆ ಖರ್ಚು ಬೇರೆ. ಈಗ ಒಬ್ಬ ಕೈದಿಗೆ ವರ್ಷಕ್ಕೆ ಒಂದು ಲಕ್ಷ ಡಾಲರ್‌ಗಿಂತ ಜಾಸ್ತಿ ಖರ್ಚಾಗುತ್ತಿದೆ. ಅರವತ್ತು ದಾಟಿದವರು ಮನೆಗೆ ನುಗ್ಗಿ ಕದಿಯುವುದು ಅಪರೂಪ, ಆದರೂ ಅವರನ್ನು ಕಾಯುತ್ತಾ ಕೂರಬೇಕು.

ಜನ ಕೊನೆಗೂ ಮನಸ್ಸು ಬದಲಿಸಿದರು. 2012ರಲ್ಲಿ ಪ್ರಪೋಸಿಷನ್ 36 ಎಂಬ ಪ್ರಸ್ತಾಪ ಜನರ ಓಟಿಗೆ ಬಂತು: ಮೂರನೆಯದೂ ಗಂಭೀರ ಅಥವಾ ಹಿಂಸೆಯ ಅಪರಾಧ ಆಗಿದ್ದರೆ ಮಾತ್ರ ಜೀವಾವಧಿ, ಕೆಲವು ವಿನಾಯಿತಿ ಬಿಟ್ಟು. ನಾನು ಹೌದು ಎಂದೆ. ಸುಮಾರು 69% ಜನ ಹೌದು ಎಂದರು. ಹಳೆಯ ಕೈದಿಗಳೂ ಕೋರ್ಟಿಗೆ ಹೋಗಿ ಶಿಕ್ಷೆ ಕಡಿಮೆ ಮಾಡಿಸಿಕೊಳ್ಳಬಹುದಾಯಿತು. ಸಾವಿರಕ್ಕೂ ಹೆಚ್ಚು ಜನ ಹೊರಬಂದರು. ಅವರಲ್ಲಿ ಮತ್ತೆ ಅಪರಾಧ ಮಾಡಿ ಒಳಗೆ ಹೋದವರು ಬಹಳ ಕಡಿಮೆ.

ಅಲ್ಲಿಗೆ ಮುಗಿಯಲಿಲ್ಲ. 2014ರಲ್ಲಿ ಇನ್ನೊಂದು ಪ್ರಸ್ತಾಪ ಗೆದ್ದು, 950 ಡಾಲರ್ ಮೀರದ ಕಳ್ಳತನವೆಲ್ಲ ಬಹುಪಾಲು ಸಣ್ಣ ಅಪರಾಧವಾಯಿತು. ಕೋವಿಡ್ ನಂತರ ಅಂಗಡಿಗಳಲ್ಲಿ ಗುಂಪು ಗುಂಪಾಗಿ ಬಂದು ಬಾಚಿಕೊಂಡು ಹೋಗುವ ವಿಡಿಯೋಗಳು ಎಲ್ಲೆಡೆ ಹರಿದಾಡಿದವು. ಈಗ ಔಷಧಿ ಅಂಗಡಿಯಲ್ಲಿ ಟೂತ್‌ಪೇಸ್ಟ್ ಬೇಕಾದರೂ ಬೀಗ ತೆಗೆಸಬೇಕು. ಬೇಸತ್ತ ಜನ 2024ರಲ್ಲಿ ಹೊಸದೊಂದು ಪ್ರಸ್ತಾಪವನ್ನು ಸುಮಾರು 68% ಓಟಿನಿಂದ ಗೆಲ್ಲಿಸಿದರು. ಅದರ ಸಂಖ್ಯೆಯೂ 36. ಹಿಂದೆ ಎರಡು ಸಲ ಕಳ್ಳತನಕ್ಕೆ ಶಿಕ್ಷೆಯಾದವನು ಮೂರನೇ ಸಲ ಎಷ್ಟೇ ಚಿಕ್ಕದನ್ನು ಕದ್ದರೂ ಫೆಲನಿ ಹಾಕಬಹುದು. ಇದು ಜೀವಾವಧಿಯಲ್ಲ, ಮೂರು ವರ್ಷದವರೆಗಿನ ಶಿಕ್ಷೆ, ಹಾಗಾಗಿ ಎರಡನ್ನೂ ಒಂದೇ ಎನ್ನಲಾಗದು. ಆದರೂ ನಾನು ಬೇಡ ಎಂದೆ. ಡ್ರಗ್ಸ್ ಚಟದವರಿಗೆ ಚಿಕಿತ್ಸೆ ಕೊಡಿಸುತ್ತೇವೆ ಎಂದು ಅದರಲ್ಲಿ ಬರೆದರು, ಅದಕ್ಕೆ ದುಡ್ಡು ಇಡಲಿಲ್ಲ. ಚಿಕಿತ್ಸೆಗೆ ಜಾಗವೇ ಇಲ್ಲದ ಕೌಂಟಿಯಲ್ಲಿ ಆ ಮಾತಿಗೆ ಏನು ಅರ್ಥ?

ಇನ್ನು ನಮ್ಮ ದೇಶದ ಮಾತು. ಪದೇ ಪದೇ ಕದಿಯುವವರಿಗೆ ಜಾಸ್ತಿ ಶಿಕ್ಷೆ ಕೊಡಲು ನಮ್ಮಲ್ಲಿ ಈಗಾಗಲೇ ಅವಕಾಶವಿದೆ. ಹಿಂದೆ ಐಪಿಸಿ 75ನೇ ಸೆಕ್ಷನ್ ಇತ್ತು, ಈಗ ಭಾರತೀಯ ನ್ಯಾಯ ಸಂಹಿತೆಯ 13ನೇ ಸೆಕ್ಷನ್. ಕೆಲವು ಬಗೆಯ ಅಪರಾಧ ಮತ್ತೆ ಮಾಡಿದವನಿಗೆ ಹತ್ತು ವರ್ಷ ಅಥವಾ ಜೀವಾವಧಿಯವರೆಗೂ ಹೋಗಬಹುದು. ಆದರೆ ಎಷ್ಟು ಕೊಡಬೇಕೆಂದು ಮುಂದಿರುವ ಮನುಷ್ಯನನ್ನು, ಅವನು ಮಾಡಿದ್ದನ್ನು ನೋಡಿ ಜಡ್ಜ್ ತೀರ್ಮಾನಿಸುತ್ತಾರೆ. 1994ರ ಕ್ಯಾಲಿಫೋರ್ನಿಯಾ ಕಿತ್ತುಕೊಳ್ಳಲು ನೋಡಿದ್ದು ಆ ಅಧಿಕಾರವನ್ನೇ. 1996ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಅದರಲ್ಲಿ ಒಂದಷ್ಟನ್ನು ಜಡ್ಜ್‌ಗಳಿಗೆ ವಾಪಸ್ ಕೊಟ್ಟಿತು. ನಮ್ಮಲ್ಲಿ ವಿಚಾರಣೆಯೇ ಮುಗಿಯದೆ ವರ್ಷಗಟ್ಟಲೆ ಜೈಲಿನಲ್ಲಿ ಕೊಳೆಯುವವರು ಇರುವಾಗ, ಹೊಸ ಕಾನೂನಿಗಿಂತ ಮೊದಲು ಬೇಕಾಗಿರುವುದು ಬೇಗ ಪತ್ತೆ, ಬೇಗ ತೀರ್ಪು.